ಬ್ರಹ್ಮಕಮಲದ ಎಲೆ, ಮನೆಯ ಸುದ್ದಿ

ಸಂಜೆ ಐದೂವರೆಗೆ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬರುತ್ತದೆ. ಬಾಲ್ಕನಿಯ ಸರಳಿಗೆ ಒರಗಿದ ಬ್ರಹ್ಮಕಮಲ, ಕತ್ತು ಬಗ್ಗಿಸಿ ಮುಖ ಮೇಲೆತ್ತಿದ ನಾಲ್ಕು ಮೊಗ್ಗು, ತುದಿಯಲ್ಲಿ ಬಿಳಿ ಇಣುಕುತ್ತಿದೆ. ಕೆಳಗೆ ಎರಡು ಸಾಲು: "ಇವತ್ತು ರಾತ್ರಿ ನಾಲ್ಕೂ ಅರಳ್ತವೆ, ಹತ್ರ ಇರೋರು ಬನ್ನಿ. ಅಂದ ಹಾಗೆ ಮಗಳಿಗೆ ಗಂಡು ಗೊತ್ತಾಯ್ತು."

ತಾರಸಿ ತೋಟದವರ ನಡುವೆ ಮನೆಯ ಸುದ್ದಿ ಬರುವುದು ಹೀಗೆ, ಗಿಡದ ಸುದ್ದಿಯ ಬೆನ್ನು ಹತ್ತಿ. ಎಂಟು ಹತ್ತು ವರ್ಷದಿಂದ ಬೀಜ, ಕಟಿಂಗ್, ಹುಳದ ಕಾಟ, ಎರೆಗೊಬ್ಬರ ಅಂತ ಮಾತಾಡಿಕೊಂಡು ಬಂದವರು. ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಯಜಮಾನರಿಗೆ ವರ್ಗವಾಯಿತು, ಯಾರ ಅಮ್ಮ ಹಾಸಿಗೆ ಹಿಡಿದಿದ್ದಾರೆ ಎಲ್ಲ ಗೊತ್ತು. ಇಂಥ ಸುದ್ದಿಗೆ ಹೂವಿನ ಇಮೋಜಿ ಒತ್ತಿ ಮುಂದೆ ಹೋಗುವುದು ಸುಲಭ. ಆದರೆ ಗಿಡ ಬೆಳೆಸುವವರ ಕೈಯಲ್ಲಿ ಕೊಡಲು ಯಾವತ್ತೂ ಏನಾದರೂ ಇರುತ್ತದೆ: ಒಂದು ಎಲೆ, ಹತ್ತು ಬೀಜ, ಬೆಳಿಗ್ಗೆ ಒಂದು ಗಂಟೆ ನೀರು ಹಾಕುವ ಕೆಲಸ. ಅದನ್ನು ಹದವಾಗಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಮಾತಿಗಿಂತ ಹೆಚ್ಚು ದಿನ ಉಳಿಯುತ್ತದೆ. ಹದ ತಪ್ಪಿದರೆ ಅಂಚೆಯಲ್ಲಿ ಕೊಳೆತ ಕಡ್ಡಿ ತಲುಪುತ್ತದೆ.

ಬ್ರಹ್ಮಕಮಲದಿಂದಲೇ ಶುರು ಮಾಡೋಣ. ನಮ್ಮಲ್ಲಿ ಕೈಯಿಂದ ಕೈಗೆ ಅತಿ ಹೆಚ್ಚು ದಾಟುವ ಗಿಡ ಇದೇ ಇರಬೇಕು. ಇದು ಹಿಮಾಲಯದ ಬ್ರಹ್ಮಕಮಲ ಅಲ್ಲ. ಅದು ಬೇರೆ ಗಿಡ, ಉತ್ತರಾಖಂಡದ ರಾಜ್ಯಪುಷ್ಪ, ಬೆಂಗಳೂರಿನ ತಾರಸಿಯಲ್ಲಿ ಬದುಕದು. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ, ಎಪಿಫಿಲಂ ಆಕ್ಸಿಪೆಟಾಲಂ. ನಾವು ಎಲೆ ಅನ್ನುವುದು ನಿಜವಾಗಿ ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನ ಕಚ್ಚಿನಿಂದ ಮೊಗ್ಗೂ ಬರುತ್ತದೆ, ಮಣ್ಣಿಗೆ ಊರಿದರೆ ಬೇರೂ ಬರುತ್ತದೆ.

ಎಲೆ ಆರಿಸುವಾಗ ಎಳೆಯದು ಬೇಡ. ಬಲಿತ, ಕಡು ಹಸಿರಿನ, ನಡುನರ ಗಟ್ಟಿಯಾದ ಎಲೆಯಲ್ಲಿ 15ರಿಂದ 20 ಸೆಂಟಿಮೀಟರ್ ತುಂಡು ಸಾಕು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಂದೇ ಏಟಿಗೆ ಕತ್ತರಿಸಬೇಕು. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಜಜ್ಜುತ್ತದೆ, ಕೊಳೆತ ಅಲ್ಲಿಂದಲೇ ಶುರುವಾಗುತ್ತದೆ. ಕತ್ತರಿಸಿದ ಕೂಡಲೇ ಬುಡ ಯಾವ ಕಡೆ ಅಂತ ಗುರುತು ಹಾಕಿ. ಬುಡದ ಕಡೆ ನೇರವಾಗಿ, ತುದಿಯ ಕಡೆ ಓರೆಯಾಗಿ ಕತ್ತರಿಸುವುದು ಒಳ್ಳೆಯ ಪದ್ಧತಿ. ಪಡೆದವರಿಗೆ ಇದನ್ನು ಹೇಳದಿದ್ದರೆ ತಲೆಕೆಳಗಾಗಿ ಊರಿ ಎರಡು ತಿಂಗಳು ಕಾಯುತ್ತಾರೆ, ಗಿಡ ಅಲ್ಲಾಡುವುದಿಲ್ಲ.

ಆಮೇಲಿನ ಹಂತವನ್ನೇ ಬಹಳ ಜನ ಬಿಡುವುದು. ಕತ್ತರಿಸಿದ ಎಲೆಯನ್ನು ಐದರಿಂದ ಏಳು ದಿನ ನೆರಳಲ್ಲಿ, ಪೇಪರ್ ಮೇಲೆ ಸುಮ್ಮನೆ ಬಿಡಬೇಕು. ಗಾಯದ ಬಾಯಿ ಒಣಗಿ, ತೆಳು ಕಂದು ಪೊರೆ ಕಟ್ಟುತ್ತದೆ. ಬೆರಳಿಂದ ಮುಟ್ಟಿದರೆ ಅಂಟಬಾರದು, ಒಣ ಕಾಗದ ಮುಟ್ಟಿದ ಹಾಗಿರಬೇಕು. ಅಷ್ಟಾದ ಮೇಲೆ ಪ್ಯಾಕ್ ಮಾಡಿ. "ಫ್ರೆಶ್ ಆಗಿರಲಿ" ಅಂತ ಅದೇ ದಿನ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಳಿಸಿದರೆ ಮೂರು ದಿನದಲ್ಲಿ ಒಳಗೆ ಹಬೆಗಟ್ಟಿ ಬುಡ ಲೋಳೆಯಾಗುತ್ತದೆ. ದಾಸವಾಳದ ಕಡ್ಡಿಗೆ ಒದ್ದೆ ಬೇಕು. ಬ್ರಹ್ಮಕಮಲಕ್ಕೆ ಅದೇ ವಿಷ. ಎರಡು ಪದರ ನ್ಯೂಸ್‌ಪೇಪರ್, ಆಚೆ ಈಚೆ ಎಲೆಗಿಂತ ಒಂದಿಂಚು ದೊಡ್ಡದಾದ ರಟ್ಟಿನ ತುಂಡು, ಎರಡು ರಬ್ಬರ್ ಬ್ಯಾಂಡ್. ಮಳೆಗಾಲವಾದರೆ ಎಲ್ಲಕ್ಕಿಂತ ಹೊರಗೆ ಒಂದು ಪ್ಲಾಸ್ಟಿಕ್ ಹೊದಿಕೆ, ಎಲೆಗೆ ತಾಗದ ಹಾಗೆ. ಹೀಗೆ ಕಳಿಸಿದ ಎಲೆ ದಾರಿಯಲ್ಲಿ ಒಂದು ವಾರ ಕಳೆದರೂ ಸ್ವಲ್ಪ ಬಾಡಬಹುದೇ ಹೊರತು ಸಾಯುವುದಿಲ್ಲ.

ತಲುಪಿದವರು ಸಣ್ಣ ಕುಂಡದಲ್ಲಿ ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು ಬೆರೆಸಿ, ಎರಡಿಂಚು ಆಳಕ್ಕೆ ಬುಡ ಊರಿ, ಪಕ್ಕಕ್ಕೊಂದು ಕಡ್ಡಿ ಕಟ್ಟಬೇಕು. ಮೊದಲ ವಾರ ನೀರು ಬೇಡವೇ ಬೇಡ. ಆಮೇಲೆ ಮಣ್ಣು ಒಣಗಿದಾಗ ಮಾತ್ರ ಒಂದು ಲೋಟ. ಮೂರು ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಎಲೆ ಮೆಲ್ಲಗೆ ಎಳೆದು ನೋಡಿದರೆ ಮಣ್ಣು ಹಿಡಿದೆಳೆದ ಹಾಗೆ ಅನ್ನಿಸುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೊದಲ ಮಳೆಗಾಲ ಮುಗಿದ ಕೂಡಲೇ "ಅಕ್ಕಾ, ಇದರಲ್ಲಿ ಬರೀ ಎಲೆ" ಅಂತ ಬೇಸರದ ಮೆಸೇಜು ಬರುತ್ತದೆ.

ಹುಣ್ಣಿಮೆಗೇ ಅರಳುತ್ತದೆ ಅಂತ ನಂಬಿ ಮನೆಯ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮೊಗ್ಗು ಕಂಡ ದಿನದಿಂದ ಅರಳುವವರೆಗೆ ಸುಮಾರು ಮೂರರಿಂದ ನಾಲ್ಕು ವಾರ, ಬಿಸಿಲು ಮಳೆ ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ನಂಬಬಹುದಾದ ಗುರುತು ಒಂದೇ: ಜೋತು ಬಿದ್ದಿದ್ದ ಮೊಗ್ಗು ಅರಳುವ ಒಂದೆರಡು ದಿನ ಮೊದಲು ಕತ್ತು ಬಳುಕಿಸಿ ಮೇಲೆ ನೋಡುತ್ತದೆ, ಅರಳುವ ದಿನ ಮಧ್ಯಾಹ್ನದ ಮೇಲೆ ಉಬ್ಬುತ್ತದೆ. ರಾತ್ರಿ ಎಂಟು ಒಂಬತ್ತಕ್ಕೆ ಬಿಚ್ಚಿಕೊಳ್ಳಲು ಶುರು, ನಡುರಾತ್ರಿಯ ಹೊತ್ತಿಗೆ ಪೂರ್ತಿ, ಬೆಳಗಾಗುವಷ್ಟರಲ್ಲಿ ಕುಸಿದು ಬಿದ್ದಿರುತ್ತದೆ. ದೂರದವರಿಗೆ ತೋರಿಸಬೇಕಾದರೆ ಹತ್ತು ಗಂಟೆಗೆ ವಿಡಿಯೊ ಕಾಲ್ ಮಾಡಿ. ಫೋಟೊ ತೆಗೆಯಲು ಕುಂಡವನ್ನು ಒಳಗೆ ಹೊತ್ತು ತರುವುದು, ಮೊಗ್ಗಿದ್ದಾಗ ಬೆಳಕಿನ ದಿಕ್ಕು ತಿರುಗಿಸುವುದು, ಮೊಗ್ಗು ಕಂಡ ಖುಷಿಗೆ ದಿನಾ ನೀರು ಸುರಿಯುವುದು, ಈ ಮೂರು ಕೆಲಸದಿಂದಲೂ ಮೊಗ್ಗು ಉದುರುತ್ತದೆ.

ಇಷ್ಟು ವಿವರ ಯಾಕೆಂದರೆ ಹೊಸ ಮನೆ, ವರ್ಗ, ನಿವೃತ್ತಿ, ಯಾವುದಕ್ಕೆ ಬೇಕಾದರೂ ಕಳಿಸಬಹುದಾದ ವಸ್ತು ಇದು. ದುಡ್ಡಿನ ಲೆಕ್ಕವಿಲ್ಲ, ಪಡೆದವರಿಗೆ ತಿರುಗಿ ಕೊಡಬೇಕೆಂಬ ಹೊರೆಯೂ ಇಲ್ಲ. ಬೇರು ಬಿಟ್ಟರೆ ಒಂದು ಸುದ್ದಿ, ಹೊಸ ಚಿಗುರಿಗೆ ಒಂದು, ಮೊದಲ ಮೊಗ್ಗಿಗೆ ಒಂದು. ಮೂರು ವರ್ಷ ಮಾತಾಡಲು ಕಾರಣ ಸಿಕ್ಕಿತು.

ಮದುವೆಯ ಸುದ್ದಿ ಬಂದರೆ ಕೆಲಸ ದೊಡ್ಡದು. ತಾಂಬೂಲದ ಚೀಲದಲ್ಲಿ ಬೀಜದ ಪೊಟ್ಟಣ ಇಡುವ ಪದ್ಧತಿ ಈಗ ಅಲ್ಲಲ್ಲಿ ಕಾಣುತ್ತಿದೆ. ಗುಂಪಿನ ಗೆಳೆಯರು ಸೇರಿ ಆ ಬೀಜ ಬೆಳೆದುಕೊಟ್ಟರೆ ಅಂಗಡಿಯಿಂದ ತಂದ ಪೊಟ್ಟಣಕ್ಕಿಂತ ಚಂದ. ಆದರೆ ಮದುವೆ ಗೊತ್ತಾದ ದಿನವೇ ಲೆಕ್ಕ ಹಾಕಬೇಕು. 300 ಪೊಟ್ಟಣ, ಒಂದೊಂದಕ್ಕೆ 10 ಬೆಂಡೆ ಬೀಜ ಅಂದರೆ 3,000 ಬೀಜ. ಒಂದು ಗ್ರಾಂಗೆ ಹದಿನೈದು ಹದಿನಾರು ಬೆಂಡೆ ಬೀಜ ತೂಗುತ್ತವೆ, ಅಲ್ಲಿಗೆ 200 ಗ್ರಾಂ. ಚೆನ್ನಾಗಿ ಬಲಿತ ಕಾಯಲ್ಲಿ ಸುಮಾರು 40 ಬೀಜ ಹಿಡಿದರೆ 75 ಕಾಯಿ. ಗಿಡಕ್ಕೆ ಐದು ಕಾಯಿ ಬೀಜಕ್ಕೆಂದು ಬಿಟ್ಟರೆ 15 ಗಿಡ. ಜೊಳ್ಳು, ಹುಳ ಎಲ್ಲ ಕಳೆದು 20 ಗಿಡ ಅಂತ ಇಟ್ಟುಕೊಳ್ಳಿ. ನಾಲ್ಕು ಮನೆ ಐದೈದು ಗಿಡ ಹಂಚಿಕೊಂಡರೆ ಯಾರಿಗೂ ಭಾರವಾಗದು. ಬಿತ್ತಿದ ಮೇಲೆ ಹೂವಿಗೆ ಒಂದೂವರೆ ತಿಂಗಳು, ಹೂವಿನಿಂದ ಕಾಯಿ ಗಿಡದಲ್ಲೇ ಒಣಗಲು ಇನ್ನೊಂದು ತಿಂಗಳು ದಾಟುತ್ತದೆ, ಒಣಗಿಸಿ ಪೊಟ್ಟಣ ಕಟ್ಟಲು ಎರಡು ವಾರ. ನಾಲ್ಕು ತಿಂಗಳು ಕೈಯಲ್ಲಿಲ್ಲದಿದ್ದರೆ ಈ ಯೋಚನೆ ಕೈಬಿಟ್ಟು ಸಬ್ಬಸಿಗೆ, ಮೆಂತ್ಯದಂಥ ಸೊಪ್ಪಿನ ಬೀಜ ಕೊಂಡು ಪೊಟ್ಟಣ ಕಟ್ಟಿಕೊಡಿ. ಅರ್ಧಂಬರ್ಧ ಬಲಿತ ಬೀಜ ಕೊಟ್ಟು 300 ಮನೆಯಲ್ಲಿ ಮೊಳೆಯದಿರುವುದಕ್ಕಿಂತ ಅದು ಮೇಲು.

ನಾಲ್ಕೂ ಮನೆಯವರು ಒಂದೇ ತಳಿ ಬಿತ್ತಬೇಕು. ಬೆಂಡೆ ಬಹುಮಟ್ಟಿಗೆ ತನ್ನಲ್ಲೇ ಪರಾಗ ಕಟ್ಟಿಕೊಳ್ಳುತ್ತದೆ ನಿಜ. ಆದರೂ ಜೇನು ಬಂದರೆ ಪಕ್ಕದ ಕುಂಡದ ಕೆಂಪು ಬೆಂಡೆ, ಬಿಳಿ ಬೆಂಡೆ ಜೊತೆ ಬೆರಕೆಯಾಗುತ್ತದೆ. ಬೇರೆ ತಳಿ ಕೀಳಲು ಮನಸ್ಸಿಲ್ಲದಿದ್ದರೆ ಬೀಜಕ್ಕೆ ಬಿಡುವ ಹೂವಿಗೆ ಹಿಂದಿನ ಸಂಜೆಯೇ ತೆಳು ಜಾಲಿ ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಗೆ ಕೆಂಪು ದಾರ ಕಟ್ಟಿಡಿ. ಮೆಣಸಿನಕಾಯಿಯಲ್ಲಿ ಬೆರಕೆ ಇನ್ನೂ ಜಾಸ್ತಿ. ದಪ್ಪ ಮೆಣಸಿನಕಾಯಿ ಪಕ್ಕ ಖಾರದ ಮೆಣಸು ಇದ್ದ ತಾರಸಿಯಿಂದ ಬೀಜ ಹಂಚಿದರೆ ಮುಂದಿನ ವರ್ಷ ಪಲ್ಯ ತಿಂದವರ ಕಣ್ಣಲ್ಲಿ ನೀರು. ಹೈಬ್ರಿಡ್‌ನಿಂದ ಬೀಜ ಎತ್ತಬಾರದು ಅನ್ನುವುದನ್ನೂ ಹೊಸಬರಿಗೆ ಬಿಡಿಸಿ ಹೇಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯ ಬೀಜ ಉಳಿಸಿಕೊಳ್ಳಬಹುದು, ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರ ಬೀಜದಲ್ಲಿ ತಾಯಿಯ ಗುಣ ಬರುವುದಿಲ್ಲ. ಎರಡಕ್ಕೂ "ಅರ್ಕಾ" ಅಂತ ಇರುವುದರಿಂದ ಗೊಂದಲವಾಗುತ್ತದೆ.

ಒಣಗಿಸುವುದು ತಾರಸಿಯ ಸಿಮೆಂಟಿನ ಮೇಲೆ ಅಲ್ಲ. ಏಪ್ರಿಲ್ ಮಧ್ಯಾಹ್ನ ಆ ನೆಲಕ್ಕೆ ಬರಿಗಾಲಿಡಲು ಆಗುವುದಿಲ್ಲ, ಬೀಜದ ಒಳಗಿನ ಜೀವ ಹೇಗೆ ತಡೆದೀತು? ಮೊರದಲ್ಲಿ ಹರಡಿ, ಗಾಳಿಯಾಡುವ ನೆರಳಲ್ಲಿ ಒಂದು ವಾರ, ದಿನಕ್ಕೆ ಎರಡು ಸಲ ಕೈಯಾಡಿಸಿ. ಹದ ನೋಡುವ ಬಗೆ: ಒಂದು ಬೀಜವನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿಂದ ಕುಟ್ಟಿ. ಚೂರಾದರೆ ಒಣಗಿದೆ, ಅಪ್ಪಚ್ಚಿಯಾಗಿ ಚಪ್ಪಟೆಯಾದರೆ ಇನ್ನೂ ಒದ್ದೆ. ಆಮೇಲೆ 20 ಬೀಜ ಎಣಿಸಿ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆರನೇ ದಿನಕ್ಕೆ ಹದಿನಾರಕ್ಕಿಂತ ಹೆಚ್ಚು ಮೊಳೆತಿದ್ದರೆ ಧೈರ್ಯವಾಗಿ ಹಂಚಿ. ಹನ್ನೆರಡೇ ಮೊಳೆತಿದ್ದರೆ ಪೊಟ್ಟಣಕ್ಕೆ 10ರ ಬದಲು 15 ಹಾಕಿ. ಪೊಟ್ಟಣದ ಮೇಲೆ ವಧೂವರರ ಹೆಸರಿನ ಕೆಳಗೆ ತಳಿ, ಬೀಜ ಎತ್ತಿದ ತಿಂಗಳು, "ಒಂದು ರಾತ್ರಿ ನೆನೆಸಿ, ಅರ್ಧ ಇಂಚು ಆಳ, ಕುಂಡಕ್ಕೆ ಒಂದೇ ಗಿಡ" ಇಷ್ಟು ಬರೆದರೆ ಸಾಕು.

ಅವರೆ, ಅಲಸಂದೆ, ಹುರುಳಿಕಾಯಿ ಬೀಜವಾದರೆ ಒಂದು ಕೆಲಸ ಹೆಚ್ಚು. ಕುಟ್ಟೆ ಹುಳ ಕಾಯಿ ಗಿಡದಲ್ಲಿರುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಕಣ್ಣಿಗೆ ಕಾಣದು. ಕಳಿಸಿದ ತಿಂಗಳಿಗೆ ಪೊಟ್ಟಣದ ತುಂಬ ತೂತು ಬಿದ್ದ ಬೀಜ, ಪುಡಿ. ಚೆನ್ನಾಗಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಡಬ್ಬಿಯನ್ನು ಮಾರನೆಯ ದಿನದವರೆಗೂ ತೆರೆಯಬಾರದು. ತಣ್ಣಗಿನ ಬೀಜಕ್ಕೆ ಗಾಳಿಯ ತೇವ ಕೂತು, ಪಟ್ಟ ಪಾಡೆಲ್ಲ ಹಾಳು. ಫ್ರೀಜರ್ ಬೇಡ ಅನ್ನುವವರು ಅಜ್ಜಿಯರ ಹಾಗೆ ಜರಡಿ ಹಿಡಿದ ಒಲೆ ಬೂದಿ ಬೆರೆಸಿಡಬಹುದು, ಅದೂ ಕೆಲಸ ಮಾಡುತ್ತದೆ.

ಬೀಜ ಹಂಚುವುದರಲ್ಲಿ ನಮ್ಮ ನಾಡಿನಲ್ಲಿ ಹಳೆಯ ಮಾದರಿಯೇ ಇದೆ. ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳ ಬದನೆಯ ಬೀಜವನ್ನು ಆ ಊರಿನವರಿಗೆ ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟರು ಎಂಬ ಪ್ರತೀತಿ. 2011ರಲ್ಲಿ ಅದಕ್ಕೆ ಆ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿತು, ಉಡುಪಿ ಕೃಷ್ಣ ಮಠದ ಪರ್ಯಾಯದ ಹೊರೆಕಾಣಿಕೆಯಲ್ಲಿ ಇವತ್ತಿಗೂ ಗುಳ್ಳ ಕಾಣುತ್ತದೆ. ಕೊಟ್ಟವರ ಹೆಸರು ಬೀಜದ ಜೊತೆ ಇಷ್ಟು ಕಾಲ ಬಂದಿದೆ.

ಸೀಮಂತದ ಫೋಟೊ ಬಂದರೆ ಸಬ್ಬಸಿಗೆ ಬೀಜ ಕಳಿಸುವುದು ನನಗೆ ಬಹಳ ಮೆಚ್ಚಿನ ಕ್ರಮ. ಬಾಣಂತಿಯ ಊಟದಲ್ಲಿ ಸಬ್ಬಸಿಗೆ, ಮೆಂತ್ಯದ ಸೊಪ್ಪು ಬೇಕೇ ಬೇಕು ಅನ್ನುವ ಮನೆಗಳು ಎಷ್ಟೋ. ಬಿತ್ತಿ 40–45 ದಿನಕ್ಕೆ ಕೊಯ್ಯಬಹುದು. ಏಳನೇ ತಿಂಗಳಲ್ಲಿ ಸೀಮಂತವಾದರೆ ಹೆರಿಗೆಗೆ ಎರಡು ತಿಂಗಳಿದೆ, ಬೀಜ ತಲುಪಿ ಬಿತ್ತಲು ಹೊತ್ತು ಸರಿಹೋಗುತ್ತದೆ. ಒಟ್ಟಿಗೆ ಬಿತ್ತದೆ 15 ದಿನಕ್ಕೊಂದು ಟ್ರೇ ಅಂತ ಮೂರು ಸಲ ಬಿತ್ತಿದರೆ ಬಾಣಂತನದ ಉದ್ದಕ್ಕೂ ಎಳೆ ಸೊಪ್ಪು. ಸಬ್ಬಸಿಗೆ ಸಸಿ ಕಿತ್ತು ನೆಟ್ಟರೆ ಬೇರು ತಾಳುವುದಿಲ್ಲ, ಬೆಳೆಯುವ ಜಾಗದಲ್ಲೇ ಉದುರಿಸಿ, ಕಾಲಿಂಚು ಮಣ್ಣು ಮುಚ್ಚಿ. ಮಗು ಬಂದ ಮನೆಗೆ ಗಿಡವನ್ನೇ ಕೊಡುವುದಾದರೆ ದೊಡ್ಡಪತ್ರೆ ಕೊಡಿ, ಎರಡು ಗಿಣ್ಣಿನ ಕಡ್ಡಿ ಎರಡು ವಾರದಲ್ಲಿ ಬೇರು ಬಿಡುತ್ತದೆ, ತಂಬುಳಿಗೂ ಆಯಿತು. ಡಿಫೆನ್‌ಬೇಕಿಯಾ, ಕಣಗಿಲೆ ಬೇಡ. ಡಿಫೆನ್‌ಬೇಕಿಯಾ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ, ಕಣಗಿಲೆ ಬೇರಿನಿಂದ ಹೂವಿನವರೆಗೆ ವಿಷ. ಅಂಬೆಗಾಲಿಡುವ ಮಗು ಕುಂಡದ ಮಟ್ಟದಲ್ಲೇ ಓಡಾಡುತ್ತದೆ ಅನ್ನುವುದು ನೆನಪಿರಲಿ. ಕೂಸಿನ ಫೋಟೊ ಗುಂಪಿಗೆ ಹಾಕುವುದು ತಂದೆ ತಾಯಿ ಹಾಕಿದ ಮೇಲೆ ಮಾತ್ರ, ಅಜ್ಜಿಯಾದ ಗೆಳತಿಯ ಸಡಗರ ಎಷ್ಟೇ ಇದ್ದರೂ.

ಅಂಚೆಯ ವಿಷಯ ಚುಟುಕಾಗಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ, ಹಾಗಾಗಿ ಬೀಜ, ಎಲೆ ಎರಡಕ್ಕೂ ಸ್ಪೀಡ್ ಪೋಸ್ಟೇ ಗತಿ, ಟ್ರ್ಯಾಕಿಂಗ್ ನಂಬರ್ ಸಿಗುತ್ತದೆ. ಸೋಮವಾರ ಅಥವಾ ಮಂಗಳವಾರ ಕಳಿಸಿ. ಶುಕ್ರವಾರ ಕೊಟ್ಟ ಕವರ್ ಭಾನುವಾರವಿಡೀ ಎಲ್ಲೋ ಚೀಲದಲ್ಲಿ ಬೆವರುತ್ತದೆ. ಬರಿ ಕವರ್‌ನೊಳಗೆ ಬೀಜ ಸುರಿದರೆ ಮುದ್ರೆ ಹೊಡೆಯುವಾಗ ಪುಡಿಯಾಗುತ್ತದೆ ಅಥವಾ ಮೂಲೆ ಹರಿದು ಸೋರುತ್ತದೆ. ಸಣ್ಣ ಜಿಪ್ ಕವರ್‌ಗೆ ಹಾಕಿ, ರಟ್ಟಿಗೆ ಟೇಪಿನಿಂದ ಅಂಟಿಸಿ, ಮೇಲೊಂದು ರಟ್ಟು. ವಿಳಾಸವನ್ನು ಫೋಟೊದಲ್ಲಿ ಬೇಡ, ಟೈಪ್ ಮಾಡಿಸಿಕೊಳ್ಳಿ, ಗುಂಪಿನಲ್ಲಿ ಅಲ್ಲ, ನೇರವಾಗಿ ನಿಮಗೆ. ಪಿನ್ ಕೋಡ್ ಆರು ಅಂಕಿ ಎಣಿಸಿ ನೋಡಿ. ಕರ್ನಾಟಕದ್ದಾದರೆ 56ರಿಂದ 59ರೊಳಗೆ ಶುರುವಾಗಬೇಕು. ಬೇರೆ ಏನಾದರೂ ಇದ್ದರೆ ಟೈಪಿಸುವಾಗ ತಪ್ಪಿದೆ.

ಹೊರದೇಶದ ಗೆಳೆಯರಿಗೆ ಮಾತ್ರ ಲಕೋಟೆಯಲ್ಲಿ ಬೀಜ ಇಟ್ಟು ಕಳಿಸಬೇಡಿ, ಬಂದವರ ಸೂಟ್‌ಕೇಸಿಗೂ ತುರುಕಬೇಡಿ. ಅಮೆರಿಕಕ್ಕೆ ಬೀಜ ಹೋಗಬೇಕಾದರೆ ಇಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಸಣ್ಣ ಪ್ರಮಾಣದಲ್ಲಿ ತರಿಸುವುದಾದರೆ ಪಡೆಯುವವರೇ ಅಲ್ಲಿನ ಕೃಷಿ ಇಲಾಖೆಯಿಂದ ಮೊದಲೇ ಪರವಾನಗಿ ಪಡೆದಿರಬೇಕು. ಆಸ್ಟ್ರೇಲಿಯಾದ ತಪಾಸಣೆ ಇನ್ನೂ ಬಿಗಿ. ಕರಿಬೇವಿನ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದು ನಿಂಬೆ, ಕಿತ್ತಳೆಯ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಮುಗಿಸುವ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೇ ಅಮೆರಿಕದಲ್ಲಿ ಅದರ ಮೇಲೆ ನಿರ್ಬಂಧ. ಅಲ್ಲಿನ ಗೆಳತಿ ಮನೆ ಕೊಂಡರೆ ಅವರ ಊರಿನ ಹತ್ತಿರದ ಲೈಸೆನ್ಸ್ ಇರುವ ನರ್ಸರಿಯಿಂದ ಒಂದು ಕರಿಬೇವಿನ ಗಿಡ ಕೊಡಿಸಿ, ಚಳಿಗಾಲದಲ್ಲಿ ಕುಂಡ ಒಳಗಿಟ್ಟು ನೀರು ಕಡಿಮೆ ಮಾಡಿ ಅಂತ ಹೇಳಿಕೊಡಿ. ನಾವು ಕೊಡಬಹುದಾದದ್ದು ಆ ಬುದ್ಧಿಮಾತು.

ಸಿಹಿ ಸುದ್ದಿ ಹೇಳುವುದು ಯಾರಿಗೂ ಕಷ್ಟವಲ್ಲ. ಕಾಯಿಲೆಯ ಸುದ್ದಿ ಹೇಳುವಾಗ ತಡವರಿಸುತ್ತಾರೆ, ಕೇಳುವವರೂ ತಡವರಿಸುತ್ತಾರೆ. ಹೇಳುವವರು ಮೂರು ವಿಷಯ ಬರೆದರೆ ಸಾಕು: ಏನಾಗಿದೆ, ಎಷ್ಟು ದಿನ ಸಿಗುವುದಿಲ್ಲ, ಏನು ಬೇಕು. "ಅಮ್ಮನಿಗೆ ಆಪರೇಷನ್ ಇದೆ, ಬುಧವಾರದಿಂದ ಹತ್ತು ದಿನ ಆಸ್ಪತ್ರೆಯಲ್ಲಿರ್ತೀನಿ, ಫೋನ್ ಎತ್ತಲ್ಲ. ಬೆಳಿಗ್ಗೆ ನೀರು ಹಾಕೋರು ಬೇಕು." ಹೀಗೆ ಬರೆದರೆ ಕೇಳಿದವರಿಗೆ ಮಾಡಲು ಕೆಲಸ ಸಿಗುತ್ತದೆ. ಆದರೆ ಮನೆ ಖಾಲಿ ಇರುವ ದಿನಾಂಕವನ್ನು ನೂರಾರು ಜನರಿರುವ ಗುಂಪಿಗೆ ಹಾಕಬಾರದು. ಹತ್ತಿರದ ಬಡಾವಣೆಯ ನಾಲ್ಕೈದು ಜನರಿಗೆ ಬೇರೆಯಾಗಿ ಹೇಳಿ. ಆಸ್ಪತ್ರೆಗೆ ಮಣ್ಣಿನ ಕುಂಡ ತೆಗೆದುಕೊಂಡು ಹೋಗಬೇಡಿ. ಮಣ್ಣಿನಲ್ಲಿ ಬೂಷ್ಟು ಇರುತ್ತದೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಅದರಲ್ಲೂ ಕೀಮೋಥೆರಪಿ ಆಗುತ್ತಿರುವವರಿಗೆ ಅದು ಅಪಾಯ.

ನೀರು ಹಾಕಲು ಹೋಗುವವರಿಗೆ ಚೀಟಿ ಬೇಕು. "ಸ್ವಲ್ಪ ಹಾಕಿ ಸರ್" ಅನ್ನುವುದರಿಂದಲೇ ಅರ್ಧ ಗಿಡ ಸಾಯುವುದು, ಯಾಕೆಂದರೆ ಬೇರೆಯವರ ಗಿಡ ಒಣಗಿಹೋದೀತೆಂಬ ಭಯಕ್ಕೆ ಎಲ್ಲರೂ ಹೆಚ್ಚೇ ಸುರಿಯುತ್ತಾರೆ. ಕುಂಡಗಳಿಗೆ ಸುಣ್ಣದಕಡ್ಡಿಯಲ್ಲಿ ನಂಬರ್ ಹಾಕಿ. ಒಂದು ಲೀಟರಿನ ಮಗ್ಗನ್ನು ನಲ್ಲಿಯ ಹತ್ತಿರ ಇಡಿ. ಬೇಸಿಗೆಯಲ್ಲಿ 12 ಇಂಚಿನ ಕುಂಡದ ತರಕಾರಿ ಗಿಡಕ್ಕೆ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್, ಬೆಳಿಗ್ಗೆ ಎಂಟರೊಳಗೆ. 60 ಕುಂಡವಿದ್ದರೆ ಮುಕ್ಕಾಲು ಗಂಟೆ ಕೆಲಸ, ಅದನ್ನು ಮೊದಲೇ ಹೇಳಿ. ಕಳ್ಳಿ, ಬ್ರಹ್ಮಕಮಲ, ಲೋಳೆಸರ ಇರುವ ಮೂಲೆಗೆ ಒಂದು ಹಗ್ಗ ಅಡ್ಡ ಕಟ್ಟಿ "ಇಲ್ಲಿ ಬೇಡ" ಅಂತ ಬರೆದುಬಿಡಿ. ಮಳೆಗಾಲದಲ್ಲಿ ಬೆರಳ ಒಂದು ಗೆಣ್ಣು ಮಣ್ಣಿಗಿಳಿಸಿ, ಒದ್ದೆ ತಾಗಿದರೆ ನೀರಿಲ್ಲ. ಹಣ್ಣಾದ ಟೊಮೆಟೊ, ಬೆಳೆದ ಬೆಂಡೆ ಕಿತ್ತುಕೊಂಡು ಹೋಗಿ ಅಂತ ಚೀಟಿಯಲ್ಲೇ ಬರೆಯಿರಿ. ಸಂಕೋಚಕ್ಕೆ ಕೀಳದೆ ಬಿಟ್ಟರೆ ಬೆಂಡೆ ಬಲಿತು ಗಿಡ ಹೊಸ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಗುಂಪಿಗೆ ದಿನಾ ಒಂದು ಫೋಟೊ ಬಂದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಅದೊಂದು ಸಮಾಧಾನ.

ಸಾವಿನ ಸುದ್ದಿಯನ್ನು ಮನೆಯವರು ಹೇಳುವ ಮೊದಲು ಗುಂಪಿಗೆ ಹಾಕಲೇಬಾರದು. ಹಾಕಿದ ಮೇಲೆ "ಓಂ ಶಾಂತಿ"ಯ ನೂರು ಸಾಲಿನ ನಡುವೆ ಒಂದಾದರೂ ಸಾಲು ಆ ವ್ಯಕ್ತಿ ಕೊಟ್ಟ ಗಿಡದ ಬಗ್ಗೆ ಇರಲಿ: "ಮೇಡಂ ಕಳಿಸಿದ ಮಲ್ಲಿಗೆ ಈ ವಾರವೂ ಬಿಟ್ಟಿದೆ." ಅದರ ಫೋಟೊ ಹಾಕಿ. ಮಕ್ಕಳು ಆಮೇಲೆ ಓದುತ್ತಾರೆ, ಅಮ್ಮ ಫೋನಿನಲ್ಲಿ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಿದ್ದರು ಅಂತ ಅವರಿಗೆ ಆಗ ತಿಳಿಯುತ್ತದೆ. ಗುಂಪಿನಲ್ಲಿ ಮೆಸೇಜು ತಾನಾಗಿ ಅಳಿಯುವ ವ್ಯವಸ್ಥೆ ಹಾಕಿದ್ದರೆ 90 ದಿನದ ಆಚೆ ಇದೆಲ್ಲ ಉಳಿಯುವುದಿಲ್ಲ. ಅದನ್ನು ತೆಗೆಸಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಮನೆಯವರಿಗೆ ಬೇಕಾದರೆ ಕೊಡಿ.

ಗಿಡಗಳ ಮಾತು ಎತ್ತುವುದು ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ. ಆದರೆ ಅಲ್ಲಿಯವರೆಗೆ ಗಿಡ ಕಾಯುವುದಿಲ್ಲ. ಆ ದಿನಗಳಲ್ಲಿ ಮನೆಯವರು ತಾರಸಿ ಹತ್ತುವುದೇ ಅಪರೂಪ, ಬೇಸಿಗೆಯಾದರೆ ಮೂರೇ ದಿನದಲ್ಲಿ ತರಕಾರಿ ಗಿಡ ಮುಗಿಯಿತು. ಹತ್ತಿರದವರೊಬ್ಬರು ಮನೆಯವರಿಗೆ ಒಂದು ಮಾತು ಹೇಳಿ, ಬೆಳಿಗ್ಗೆ ಮೆಟ್ಟಿಲ ಕಡೆಯಿಂದಲೇ ಹೋಗಿ ನೀರು ಹಾಕಿ ಬರಬೇಕು. ಆಮೇಲೆ ತೋಟ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಬಹುದು. ಮನೆಯವರು "ನೀವೇ ತಗೊಂಡು ಹೋಗಿ" ಅಂದರೂ ಎಲ್ಲವನ್ನೂ ಖಾಲಿ ಮಾಡಬಾರದು. ತುಳಸಿ, ಮಲ್ಲಿಗೆ, ನೋಡಿಕೊಳ್ಳಲು ಸುಲಭವಾದ ನಾಲ್ಕು ಕುಂಡ ಅಲ್ಲೇ ಇರಲಿ. ಹೆಚ್ಚಿನವರಿಗೆ ಆರು ತಿಂಗಳ ಮೇಲೆ ಅದು ಬೇಕೆನಿಸುತ್ತದೆ.

ಬೇರೆಲ್ಲೂ ಇಲ್ಲದ ತಳಿ ಅವರ ಹತ್ತಿರ ಇದ್ದರೆ ಕನಿಷ್ಠ ಮೂರು ಮನೆಗೆ ಹೋಗಬೇಕು. ಒಂದು ಮನೆಯಲ್ಲಿ ಬೇರು ಕೊಳೆತೀತು, ಇನ್ನೊಂದರಲ್ಲಿ ಇಲಿ ತಿಂದೀತು, ಮೂರನೆಯದು ಉಳಿಯುತ್ತದೆ. ಅವರ ಬೀಜದ ಡಬ್ಬಿಗಳನ್ನು ಬೇಗ ನೋಡಿ: ಈರುಳ್ಳಿ ಬೀಜ ಒಂದು ವರ್ಷಕ್ಕೇ ಸೊರಗುತ್ತದೆ, ಬೆಂಡೆ, ಮೆಣಸಿನಕಾಯಿ ಎರಡು ಮೂರು ವರ್ಷ, ಟೊಮೆಟೊ, ಬದನೆ, ಸೋರೆ, ಹೀರೆ ನಾಲ್ಕು ವರ್ಷ ತಾಳುತ್ತವೆ. ಡಬ್ಬಿಯ ಮೇಲೆ ಅವರ ಕೈಬರಹವಿದ್ದರೆ ಆ ಚೀಟಿಯನ್ನು ಮನೆಯವರಿಗೆ ಬಿಟ್ಟು, ನೀವು ಬೇರೆ ಬರೆದುಕೊಳ್ಳಿ.

ಕೊನೆಯದಾಗಿ ಕುಂಡಕ್ಕೆ ಕಟ್ಟುವ ಹೆಸರಿನ ಚೀಟಿಯ ಬಗ್ಗೆ. ಮಾರ್ಕರ್ ಪೆನ್ನಿನ ಬರಹ ಒಂದು ಬೇಸಿಗೆಗೆ ಮಾಸಿಹೋಗುತ್ತದೆ, ಅದು ಅಳಿಸದು ಅಂತ ಪೆನ್ನಿನ ಮೇಲೆ ಬರೆದಿದ್ದರೂ ಅಷ್ಟೆ. ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದರೆ ಬಿಸಿಲಿಗೆ ಮಾಸದು, ಪಟ್ಟಿಯೇ ಪುಡಿಯಾಗುವವರೆಗೂ ಓದಬಹುದು. ಇನ್ನೂ ಗಟ್ಟಿ ಬೇಕಾದರೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ, ಅಂಚನ್ನು ಮಡಚಿ, ಎರಡು ಬೆರಳಗಲದ ಪಟ್ಟಿ ಮಾಡಿ. ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್ ಹಾಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ತಗಡಿನಲ್ಲೇ ಕೂರುತ್ತದೆ. ಒಂದು ತೂತು, ಒಂದು ತಾಮ್ರದ ತಂತಿ. ಗಿಡಕ್ಕೆ ಬಿಗಿದು ಕಟ್ಟಬೇಡಿ, ಕಾಂಡ ದಪ್ಪವಾದಾಗ ತಂತಿ ಒಳಗೆ ಹೂತು ಕೊಂಬೆ ಒಣಗುತ್ತದೆ. ಕುಂಡದ ಕಂಠಕ್ಕೆ ಕಟ್ಟಿ. ಮೊದಲ ಸಾಲಿಗೆ ಗಿಡದ ಹೆಸರು, ಎರಡನೆಯದಕ್ಕೆ ಬಂದ ತಿಂಗಳು, ವರ್ಷ, ಮೂರನೆಯದಕ್ಕೆ ಕೊಟ್ಟವರ ಹೆಸರು ಮತ್ತು ಊರು. ಅವರಿಗೆ ಅದು ಇನ್ಯಾರಿಂದಲೋ ಬಂದಿದ್ದರೆ ನಾಲ್ಕನೆಯ ಸಾಲಿಗೆ ಆ ಹೆಸರನ್ನೂ ಬರೆಯಿರಿ, ಪಟ್ಟಿಯಲ್ಲಿ ಜಾಗ ಇರುತ್ತದೆ.